ಮನೆ ಬಿಟ್ಟರೆ ಎಲ್ಲಿಗೆ? ಕೌಟುಂಬಿಕ ದೌರ್ಜನ್ಯದಿಂದ ಹೊರಬರುವವರಿಗೆ ಯಾವ ನೆಲೆ ಯಾವಾಗ ಸರಿ

"ಅಷ್ಟೆಲ್ಲ ಹೊಡೆತ ತಿಂದುಕೊಂಡು ಅಲ್ಲೇ ಯಾಕಿರಬೇಕು, ಬಿಟ್ಟು ಬರಬಾರದಾ?" ಅಂತ ಕೇಳುವವರು ತುಂಬಾ ಜನ. ಬಿಟ್ಟು ಎಲ್ಲಿಗೆ ಬರಬೇಕು ಅಂತ ಕೇಳುವವರು ಕಡಿಮೆ. ಇವತ್ತು ರಾತ್ರಿ ಮಲಗುವುದೆಲ್ಲಿ, ಮುಂದಿನ ತಿಂಗಳು ಮಕ್ಕಳು ಯಾವ ಶಾಲೆಗೆ ಹೋಗಬೇಕು, ಆರು ತಿಂಗಳಾದ ಮೇಲೆ ಬಾಡಿಗೆ ಕಟ್ಟುವವರು ಯಾರು? ಇದಕ್ಕೆ ಉತ್ತರ ಸಿಗದೆ ಎಷ್ಟೋ ಹೆಣ್ಣುಮಕ್ಕಳು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಇನ್ನೆಷ್ಟೋ ಮಂದಿ ಹೊರಗೆ ಬಂದು, ನೆಲೆ ಸಿಗದೆ ವಾಪಸ್ ಹೋಗುತ್ತಾರೆ.

ದಾರಿಗಳಂತೂ ಇವೆ. ಬಂಧುಗಳ ಅಥವಾ ಸ್ನೇಹಿತರ ಮನೆ ಇದೆ. ಆಶ್ರಯ ಕೇಂದ್ರ ಇದೆ. ಆಕೆ ಅದೇ ಮನೆಯಲ್ಲಿ ಉಳಿದು ಅವನನ್ನು ಕಾನೂನಿನ ಮೂಲಕ ಹೊರಗೆ ಕಳಿಸುವ ದಾರಿ ಇದೆ. ಕೆಲವು ತಿಂಗಳ ಮಟ್ಟಿಗೆ ಸಿಗುವ ವಸತಿ ಇದೆ, ಆಕೆಯದೇ ಹೆಸರಿನ ಬಾಡಿಗೆ ಮನೆಯೂ ಇದೆ. ಒಬ್ಬರ ಜೀವ ಉಳಿಸಿದ ದಾರಿ ಇನ್ನೊಬ್ಬರಿಗೆ ಅಪಾಯ ತರಬಹುದು. ಹಾಗಾಗಿ ಯಾವುದು ಒಳ್ಳೆಯದು ಎಂದು ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಯಾರಿಗೆ, ಯಾವಾಗ ಎಂದು ತೂಗಿ ನೋಡಬೇಕು.

ಇದನ್ನು ಮುಖ್ಯವಾಗಿ ಜೊತೆಗೆ ನಿಂತವರಿಗಾಗಿ ಬರೆಯುತ್ತಿದ್ದೇನೆ. ಅಕ್ಕ, ತಮ್ಮ, ಗೆಳತಿ, ಸಹೋದ್ಯೋಗಿ, ಪಕ್ಕದ ಮನೆಯವರು, ಯಾರೇ ಆಗಿರಬಹುದು. ಹಿಂಸೆ ಅನುಭವಿಸುತ್ತಿರುವವರೇ ಓದುತ್ತಿದ್ದರೆ ಒಂದು ಮಾತು. ನಿಮ್ಮ ಫೋನನ್ನು ಅವನು ನೋಡುವ ಅಭ್ಯಾಸ ಇದ್ದರೆ, ಇಂಥದ್ದನ್ನು ಬೇರೆಯವರ ಫೋನಿನಲ್ಲಿ ಓದಿ. ಬರಹದುದ್ದಕ್ಕೂ "ಆಕೆ", "ಅವನು" ಎಂದಿದ್ದೇನೆ, ಯಾಕೆಂದರೆ ಬಹುಪಾಲು ಹಾಗೇ ಇರುತ್ತದೆ. ಗಂಡಸರೂ, ಬೇರೆ ಸಂಬಂಧಗಳಲ್ಲಿರುವವರೂ ಹಿಂಸೆಗೆ ಸಿಗುತ್ತಾರೆ. ಅವರೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅವರಿಗೆ ಸಿಗುವ ಜಾಗಗಳು ಮಾತ್ರ ಇನ್ನೂ ಕಡಿಮೆ.

ಜಾಗ ಹುಡುಕುವ ಮೊದಲು ಅಪಾಯ ಎಷ್ಟಿದೆ ನೋಡಿ

ಮನೆ ಬಿಟ್ಟ ಕೂಡಲೇ ಅಪಾಯ ಮುಗಿಯಿತು ಎಂದುಕೊಳ್ಳುವುದು ಸಹಜ. ಆದರೆ ಬಿಡುವ ಹೊತ್ತು ಮತ್ತು ಬಿಟ್ಟ ನಂತರದ ದಿನಗಳೇ ಹೆಚ್ಚು ಅಪಾಯದವು. ಹಿಡಿತ ತಪ್ಪುತ್ತಿದೆ ಎಂದು ಗೊತ್ತಾದಾಗ ಅಂಥವನು ಹಿಂದೆಂದೂ ಹೋಗದ ಮಟ್ಟಕ್ಕೆ ಹೋಗಬಹುದು. ಆದ್ದರಿಂದ ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ ಮೊದಲು, ಅವನು ಎಂಥವನು ಎಂದು ತಣ್ಣಗೆ ಕೂತು ಯೋಚಿಸಬೇಕು.

ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ಇದಕ್ಕೆಂದೇ ಒಂದು ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ಮೊದಲು ಒಂದು ಕ್ಯಾಲೆಂಡರ್ ಕೊಡುತ್ತಾರೆ. ಕಳೆದ ವರ್ಷ ಯಾವ್ಯಾವ ದಿನ ಏನೇನಾಯಿತು ಎಂದು ಆಕೆಯೇ ಗುರುತು ಹಾಕಬೇಕು. ನೆನಪಿನಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಘಟನೆಗಳು ಸಾಲಾಗಿ ಕಣ್ಣಿಗೆ ಬಿದ್ದಾಗ, ಹಿಂಸೆ ಜಾಸ್ತಿಯಾಗುತ್ತಾ ಬಂದಿದೆ ಎನ್ನುವುದು ಎಷ್ಟೋ ಜನರಿಗೆ ಮೊದಲ ಸಲ ಕಾಣುತ್ತದೆ. ಆಮೇಲಿನ ಪ್ರಶ್ನೆಗಳು ನೇರವಾಗಿವೆ. ಅವನ ಹತ್ತಿರ ಬಂದೂಕು ಇದೆಯೇ? ಕೊಲ್ಲುತ್ತೇನೆ ಎಂದಿದ್ದಾನೆಯೇ? ಹೋದಲ್ಲೆಲ್ಲ ಹಿಂಬಾಲಿಸುತ್ತಾನೆಯೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾನೆಯೇ? ಸಾಯುತ್ತೇನೆ ಎಂದು ಹೆದರಿಸುತ್ತಾನೆಯೇ?

ಅವುಗಳಲ್ಲಿ ಒಂದನ್ನು ನಾನು ಬೇರೆಯಾಗಿಯೇ ಹೇಳಬೇಕು. ಅದು ಕತ್ತು ಹಿಸುಕುವುದು. ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡ ಹೆಣ್ಣು ಮುಂದೆ ಅವನ ಕೈಯಲ್ಲೇ ಕೊಲೆಯಾಗುವ ಸಂಭವ 7 ಪಟ್ಟಿಗೂ ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊರಗೆ ಗುರುತು ಬೀಳದಿದ್ದರೂ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿ, ದಿನಗಳ ನಂತರ ಪಾರ್ಶ್ವವಾಯು ಆಗಬಹುದು. "ಒಂದೇ ಸಲ, ಅದೂ ಸ್ವಲ್ಪ ಹೊತ್ತು" ಎಂದು ಆಕೆ ಹೇಳಿದರೂ ವೈದ್ಯರಿಗೆ ತೋರಿಸಿ. ಜಾಗ ಆರಿಸುವಾಗ ಇದನ್ನು ಅತಿ ಹೆಚ್ಚಿನ ಅಪಾಯದ ಲೆಕ್ಕಕ್ಕೇ ಹಾಕಿ.

ಆಕೆ "ನನಗೆ ಭಯ ಆಗುತ್ತಿದೆ" ಎಂದರೆ ಮರುಮಾತಿಲ್ಲದೆ ನಂಬಿ. "ಅವನು ಅಷ್ಟಕ್ಕೆಲ್ಲ ಹೋಗುವವನಲ್ಲ" ಎಂದರೆ ಮಾತ್ರ ಅಲ್ಲಿಗೇ ಬಿಡಬೇಡಿ, ಮೇಲಿನ ಪ್ರಶ್ನೆಗಳನ್ನು ಮೆಲ್ಲಗೆ ಕೇಳಿ. ವರ್ಷಗಟ್ಟಲೆ ಹಿಂಸೆಯ ನಡುವೆ ಬದುಕಿದವರು ಅಪಾಯವನ್ನು ಕಡಿಮೆ ಅಂದಾಜು ಮಾಡುವುದುಂಟು.

ತೂಗುವುದಕ್ಕೆ ಮೂರು ಪ್ರಶ್ನೆ

ಯಾವ ಜಾಗದ ಬಗ್ಗೆ ಯೋಚಿಸಿದರೂ ಮೂರು ವಿಷಯ ಕೇಳಿಕೊಳ್ಳಿ. ಆ ಜಾಗ ಅವನಿಗೆ ಗೊತ್ತಿದೆಯೇ, ಅಥವಾ ಸುಲಭವಾಗಿ ಪತ್ತೆಯಾಗುತ್ತದೆಯೇ? ಅಲ್ಲಿ ಎಷ್ಟು ದಿನ ಇರಬಹುದು? ಬೀಗದ ಕೈ ಯಾರ ಹತ್ತಿರ ಇರುತ್ತದೆ, ಅಂದರೆ "ಸಾಕು, ಇನ್ನು ಹೊರಡು" ಎಂದು ಹೇಳುವ ಹಕ್ಕು ಯಾರಿಗಿದೆ?

ಸಹಾಯಕ್ಕೆ ಬಂದವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಅವನ ಕೈಗೆ ಸಿಗಬಾರದು, ಅಷ್ಟು ಸಾಕು ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಎರಡನೆಯದಕ್ಕೂ ಮೂರನೆಯದಕ್ಕೂ ಅಷ್ಟೇ ತೂಕ ಕೊಡಬೇಕು. ಹಿಂಸೆ ಮಾಡುವವನು ಆಕೆಯಿಂದ ಕಸಿದುಕೊಂಡಿರುವುದು ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನ ಮಾಡುವ ಶಕ್ತಿಯನ್ನು. ಹೊಸ ಜಾಗದಲ್ಲೂ ಎಷ್ಟು ಹೊತ್ತಿಗೆ ಏಳಬೇಕು, ಯಾರ ಜೊತೆ ಮಾತಾಡಬೇಕು, ಎಷ್ಟು ದಿನ ಇರಬೇಕು ಎಂದು ಬೇರೆಯವರೇ ಹೇಳುತ್ತಾ ಹೋದರೆ, ಆ ಜಾಗ ಸುರಕ್ಷಿತವಾಗಿದ್ದರೂ ಆಕೆ ಅಲ್ಲಿ ನಿಲ್ಲುವುದು ಕಷ್ಟ.

ಬಂಧುಗಳ ಮನೆಯೋ, ಆಶ್ರಯ ಕೇಂದ್ರವೋ?

ಮೊದಲ ರಾತ್ರಿಗೆ ಬಹಳಷ್ಟು ಜನರ ಮುಂದಿರುವ ಆಯ್ಕೆ ಇವೆರಡೇ.

ತವರು, ಅಕ್ಕನ ಮನೆ, ಗೆಳತಿಯ ಮನೆ. ಫೋನ್ ಮಾಡಿದರೆ ಬಾಗಿಲು ತೆರೆಯುತ್ತದೆ. ಅರ್ಜಿ ಇಲ್ಲ, ಖರ್ಚಿಲ್ಲ. ಮಕ್ಕಳಿಗೆ ಗೊತ್ತಿರುವ ಮುಖಗಳು. ಪೆಟ್ಟು ತಿಂದು ಬಂದ ರಾತ್ರಿ, ತನ್ನವರು ಅನ್ನಿಸುವವರ ನಡುವೆ ಮಲಗುವುದು ದೊಡ್ಡ ಸಮಾಧಾನ. ಆದರೆ ಮೊದಲ ಪ್ರಶ್ನೆಯಲ್ಲೇ ಈ ದಾರಿ ಎಡವುತ್ತದೆ. ಅವನು ಮೊದಲು ಹುಡುಕಿಕೊಂಡು ಬರುವುದೇ ಅಲ್ಲಿಗೆ. ಅವನು ಬಂದಾಗ ಅಪಾಯ ಆಕೆಗೆ ಮಾತ್ರ ಅಲ್ಲ, ಆ ಮನೆಯವರಿಗೂ ಇರುತ್ತದೆ.

ಇನ್ನೊಂದು ತೊಂದರೆ ನಿಧಾನಕ್ಕೆ ಬರುತ್ತದೆ. ಮೊದಲ ವಾರ ಎಲ್ಲರೂ ಅವಳ ಪರ. ಎರಡನೇ ತಿಂಗಳಿಗೆ ಮನೆ ಇಕ್ಕಟ್ಟು, ಖರ್ಚು ಜಾಸ್ತಿ. ಅವನು ಅಳುತ್ತಾ ಫೋನ್ ಮಾಡುತ್ತಾನೆ, ಹಿರಿಯರನ್ನು ಕಳಿಸುತ್ತಾನೆ. "ಒಂದು ಅವಕಾಶ ಕೊಟ್ಟು ನೋಡು" ಎಂಬ ಮಾತು ಆಶ್ರಯ ಕೊಟ್ಟವರ ಬಾಯಿಂದಲೇ ಬರತೊಡಗುತ್ತದೆ. ಅಲ್ಲಿ ಬೀಗದ ಕೈ ಆಕೆಯದಲ್ಲ, ಅದು ಎಲ್ಲರಿಗೂ ಗೊತ್ತು. ನೀವೇ ಮನೆ ಕೊಡುವವರಾದರೆ ಮೊದಲೇ ಕೂತು ಮಾತಾಡಿ. ಎಷ್ಟು ದಿನ ಇರಬಹುದು? ಅವನು ಬಂದರೆ ಬಾಗಿಲು ತೆರೆಯುವವರು ಯಾರು, ಪೊಲೀಸರಿಗೆ ಫೋನ್ ಮಾಡುವವರು ಯಾರು? ಅವನ ಕಡೆಯವರ ಫೋನ್ ಬಂದರೆ ಮನೆಯವರೆಲ್ಲ ಒಂದೇ ಉತ್ತರ ಕೊಡುತ್ತೀರಾ? ಮನೆಯಲ್ಲಿ ಒಬ್ಬರಾದರೂ ರಾಜಿ ಮಾಡಿಸುವ ಆಸೆಯಲ್ಲಿದ್ದರೆ ಅದನ್ನು ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ. ಮೂರು ವಾರ ಖಂಡಿತ ಇರಬಹುದು ಎಂದು ನೇರವಾಗಿ ಹೇಳುವವರು, ಎಷ್ಟು ದಿನ ಬೇಕಾದರೂ ಇರು ಎಂದು ಹೇಳಿ ಹತ್ತನೇ ದಿನಕ್ಕೆ ಮುಖ ಸಣ್ಣ ಮಾಡುವವರಿಗಿಂತ ಸಾವಿರ ಪಾಲು ಮೇಲು.

ಆಶ್ರಯ ಕೇಂದ್ರದ ಮಾತೇ ಬೇರೆ. ಹಿಂಸೆಯಿಂದ ಓಡಿಬಂದ ಹೆಂಗಸರಿಗಾಗಿಯೇ ಇರುವ ಇಂಥ ಮನೆ ಲಂಡನ್ನಿನ ಚಿಸ್ವಿಕ್‌ನಲ್ಲಿ 1971ರಲ್ಲಿ ತೆರೆಯಿತು. ಎರಿನ್ ಪಿಜ್ಜಿ ಶುರು ಮಾಡಿದ್ದು. ಕೆಲವೇ ವರ್ಷಗಳಲ್ಲಿ ಕೆನಡಾ, ಆಸ್ಟ್ರೇಲಿಯಾ, ಅಮೆರಿಕಗಳಲ್ಲೂ ಇಂಥವು ಹುಟ್ಟಿಕೊಂಡವು. ಸಿಡ್ನಿಯ ಎಲ್ಸಿ ಆಶ್ರಯ ಮನೆಯನ್ನು 1974ರಲ್ಲಿ ಮಹಿಳೆಯರು ಖಾಲಿ ಬಿದ್ದಿದ್ದ ಮನೆಗಳಿಗೆ ನುಗ್ಗಿ, ಅಲ್ಲೇ ಠಿಕಾಣಿ ಹೂಡಿ ಶುರು ಮಾಡಿದರು. ಸರ್ಕಾರ ಕೊಡಲಿ ಎಂದು ಕಾಯುತ್ತಾ ಕೂತಿದ್ದರೆ ಇವು ಯಾವುವೂ ಇರುತ್ತಿರಲಿಲ್ಲ.

ಇಲ್ಲಿಯ ದೊಡ್ಡ ಬಲ ಎಂದರೆ ಗುಟ್ಟು ಮತ್ತು ಅನುಭವ. ಹಲವು ಕೇಂದ್ರಗಳು ವಿಳಾಸವನ್ನು ಹೊರಗೆ ಬಿಡುವುದಿಲ್ಲ. ಅವನು ಬಾಗಿಲಿಗೆ ಬಂದರೆ ಏನು ಮಾಡಬೇಕು ಎನ್ನುವುದು ಅಲ್ಲಿಯವರಿಗೆ ಗೊತ್ತಿರುತ್ತದೆ. ವಕೀಲರು, ಆಪ್ತ ಸಮಾಲೋಚಕರು, ಮಕ್ಕಳ ಶಾಲೆ, ಕಳೆದುಹೋದ ದಾಖಲೆ, ಎಲ್ಲಕ್ಕೂ ದಾರಿ ತೋರಿಸುವವರು ಒಂದೇ ಕಡೆ ಸಿಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅದೇ ನೋವನ್ನು ದಾಟುತ್ತಿರುವ ಬೇರೆ ಹೆಂಗಸರು ಅಲ್ಲಿರುತ್ತಾರೆ. "ನನಗೊಬ್ಬಳಿಗೇ ಹೀಗಾಯಿತಾ" ಎಂಬ ನಾಚಿಕೆ ಕರಗುವುದು ಎಷ್ಟೋ ಸಲ ಅವರ ಜೊತೆ ಅಡುಗೆಮನೆಯಲ್ಲಿ ಮಾತಾಡುತ್ತಾ ನಿಂತಾಗ.

ಕಷ್ಟಗಳೂ ಇವೆ. ಹಂಚಿಕೊಂಡ ಕೋಣೆ, ಹೊರಗೆ ಹೋಗಿಬರುವ ಹೊತ್ತಿನ ನಿಯಮ, ಫೋನ್ ಬಳಕೆಗೆ ಕಟ್ಟುಪಾಡು. ಕೆಲವು ಕಡೆ ದೊಡ್ಡ ಗಂಡುಮಕ್ಕಳನ್ನು ಸೇರಿಸುವುದಿಲ್ಲ. ಹದಿನಾಲ್ಕು ವರ್ಷದ ಮಗನನ್ನು ಅವನ ಹತ್ತಿರವೇ ಬಿಟ್ಟು ಬಾ ಎಂದರೆ ಯಾವ ತಾಯಿ ತಾನೇ ಬರುತ್ತಾಳೆ? ಸಾಕುಪ್ರಾಣಿಯನ್ನು ಬಿಟ್ಟು ಬರಲಾಗದೆ ಉಳಿದುಕೊಳ್ಳುವವರೂ ಇದ್ದಾರೆ, ಅದನ್ನು ಹಗುರವಾಗಿ ನೋಡಬೇಡಿ. ಗಾಲಿಕುರ್ಚಿ ಬಳಸುವವರಿಗೆ, ದಿನವೂ ಔಷಧಿ ಬೇಕಾದವರಿಗೆ ಎಲ್ಲ ಕೇಂದ್ರಗಳೂ ಹೊಂದುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ ಜಾಗದ್ದೇ. ಯುರೋಪಿನಲ್ಲಿ ಹೆಂಗಸರ ಮೇಲಿನ ಹಿಂಸೆ ತಡೆಯಲೆಂದು ಆದ 2011ರ ಇಸ್ತಾಂಬುಲ್ ಒಪ್ಪಂದ ಸಾಕಷ್ಟು ಆಶ್ರಯ ಕೇಂದ್ರಗಳಿರಬೇಕು ಎನ್ನುತ್ತದೆ. ಅದರ ವಿವರಣೆಯಲ್ಲಿ 10,000 ಜನಸಂಖ್ಯೆಗೆ ಒಂದು ಕುಟುಂಬಕ್ಕಾಗುವಷ್ಟು ಜಾಗ ಎಂಬ ಅಳತೆ ಇದೆ. ಎಷ್ಟೋ ದೇಶಗಳು ಅದರ ಹತ್ತಿರಕ್ಕೂ ಬಂದಿಲ್ಲ.

ಹಾಗಾಗಿ ನೇರವಾಗಿ ಬಾಗಿಲಿಗೆ ಹೋಗಿ ನಿಲ್ಲುವ ಬದಲು ಮೊದಲೇ ಫೋನ್ ಮಾಡಿ. ಇವತ್ತು ಜಾಗ ಇದೆಯಾ, ಇಲ್ಲದಿದ್ದರೆ ಬೇರೆಲ್ಲಿ ಕೇಳಬಹುದು? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಮಕ್ಕಳ ವಯಸ್ಸಿಗೆ ಮಿತಿ ಇದೆಯಾ? ಕೆಲಸಕ್ಕೆ ಹೋಗಿಬರಲು ಬಿಡುತ್ತೀರಾ? ದಿನ ಮುಗಿದ ಮೇಲೆ ಮನೆ ಹುಡುಕಲು ಸಹಾಯ ಮಾಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಆಕೆಗೆ ಫೋನ್ ಮಾಡುವುದು ಅಪಾಯ ಎಂದಿದ್ದರೆ ಇಷ್ಟನ್ನೂ ನೀವೇ ಕೇಳಿಕೊಂಡು ಬರಬಹುದು, ಹೆಸರು ಹೇಳಬೇಕಾಗಿಲ್ಲ.

ಎರಡರಲ್ಲಿ ಒಂದನ್ನು ಆರಿಸು ಎಂದರೆ, ಕತ್ತು ಹಿಸುಕಿದ, ಆಯುಧ ತೋರಿಸಿದ, ಹಿಂಬಾಲಿಸುವ ಗಂಡಸಿನಿಂದ ಹೊರಬರುತ್ತಿರುವವರಿಗೆ ನಾನು ಆಶ್ರಯ ಕೇಂದ್ರವನ್ನೇ ಹೇಳುತ್ತೇನೆ. ಅಪಾಯ ಅಷ್ಟಿಲ್ಲ, ಮನೆಯವರು ಗಟ್ಟಿಯಾಗಿ ಜೊತೆಗಿದ್ದಾರೆ, ಕೆಲವೇ ವಾರಗಳಲ್ಲಿ ಬೇರೆ ವ್ಯವಸ್ಥೆ ಆಗುವಂತಿದೆ ಎಂದಾದರೆ ಬಂಧುಗಳ ಮನೆ ಆಗಬಹುದು. ಅವನಿಗೆ ಪರಿಚಯವೇ ಇಲ್ಲದ ಹಳೆಯ ಗೆಳತಿಯ ಮನೆಯಾದರೆ ಇನ್ನೂ ಒಳ್ಳೆಯದು.

ಆಕೆ ಉಳಿದು, ಅವನು ಹೊರಡುವುದು

ತಪ್ಪು ಮಾಡಿದವನು ಮನೆಯಲ್ಲಿ, ಪೆಟ್ಟು ತಿಂದವಳು ಬೀದಿಯಲ್ಲಿ. ಇದು ನ್ಯಾಯ ಅಲ್ಲ, ಅಲ್ವಾ? ಈ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರ ಕೊಟ್ಟ ಮೊದಲಿಗರಲ್ಲಿ ಆಸ್ಟ್ರಿಯಾ ಒಂದು. ಅಲ್ಲಿ 1997ರಿಂದ ಪೊಲೀಸರೇ ಸ್ಥಳದಲ್ಲೇ ಹಿಂಸೆ ಮಾಡಿದವನನ್ನು ಮನೆಯಿಂದ ಹೊರಗೆ ಕಳಿಸಿ, ವಾಪಸ್ ಬರದಂತೆ ತಡೆಯಬಹುದು. ಮನೆ ಯಾರ ಹೆಸರಿನಲ್ಲಿದೆ ಎನ್ನುವುದು ಲೆಕ್ಕಕ್ಕಿಲ್ಲ. ಇಸ್ತಾಂಬುಲ್ ಒಪ್ಪಂದದ 52ನೇ ವಿಧಿಯೂ ಇಂಥದ್ದೇ ತುರ್ತು ಆದೇಶ ಇರಬೇಕು ಎನ್ನುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಭಾರತದ 2005ರ ಕಾಯ್ದೆಯ 17ನೇ ಸೆಕ್ಷನ್, ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಆಸ್ತಿ ಯಾರದೇ ಆಗಿದ್ದರೂ ಹೆಣ್ಣಿಗೆ ಕೊಡುತ್ತದೆ. 19ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಅವನಿಗೆ ಮನೆ ಬಿಡುವಂತೆ ಹೇಳಬಹುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಬಾಡಿಗೆ ಕಟ್ಟು ಎಂದೂ ಆದೇಶಿಸಬಹುದು. ಮನೆ ಗಂಡನದಲ್ಲ, ಮಾವನದು ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಈ ಕಾಯ್ದೆಯಡಿ ಮನೆ ಬಿಡು ಎಂದು ಹೆಂಗಸರಿಗೆ ಆದೇಶಿಸಲು ಬರುವುದಿಲ್ಲ. ಕಿರುಕುಳದಲ್ಲಿ ಅತ್ತೆಯೋ ನಾದಿನಿಯೋ ಪಾಲುದಾರರಾಗಿದ್ದರೆ, ಅವನು ಹೊರಟ ಮೇಲೂ ಅವರ ಜೊತೆಗೇ ಒಂದೇ ಸೂರಿನಡಿ ಇರಬೇಕಾಗುತ್ತದೆ. ಅಂಥ ಕಡೆ ಬೇರೆ ಮನೆಯ ಬಾಡಿಗೆ ಕೇಳುವುದೇ ಜಾಣತನ.

ಈ ದಾರಿಯ ಲಾಭ ದೊಡ್ಡದು. ಮಕ್ಕಳ ಶಾಲೆ ತಪ್ಪುವುದಿಲ್ಲ, ಆಕೆಯ ಕೆಲಸ ಉಳಿಯುತ್ತದೆ, ಅಕ್ಕಪಕ್ಕದವರ ಪರಿಚಯ ಇರುತ್ತದೆ. ದೀರ್ಘಕಾಲದ ನೆಲೆ ಎಂಬ ಲೆಕ್ಕದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಆದರೆ ವಿಳಾಸ ಅವನಿಗೆ ಗೊತ್ತು. ಕಾಗದದ ಆದೇಶ ಕೆಲಸ ಮಾಡುವುದು ಪೊಲೀಸರಿಗೆ, ಕೋರ್ಟಿಗೆ, ಕೆಲಸ ಹೋಗುವುದಕ್ಕೆ, ಮಾನ ಹೋಗುವುದಕ್ಕೆ ಹೆದರುವವನ ಮೇಲೆ. ಯಾವುದಕ್ಕೂ ಹೆದರದವನಿಗೆ ಅದು ಬರೀ ಕಾಗದ. ಹಿಂದೆ ಆದೇಶವನ್ನು ಮುರಿದಿದ್ದಾನೆಯೇ, ಕರೆದರೆ ಪೊಲೀಸರು ಎಷ್ಟು ಹೊತ್ತಿಗೆ ಬರುತ್ತಾರೆ, ಎರಡನ್ನೂ ನೋಡಿಯೇ ಈ ದಾರಿ ಹಿಡಿಯಬೇಕು.

ಹಿಡಿದರೆ ಅರ್ಧಕ್ಕೆ ಬಿಡಬೇಡಿ. ಇಂಗ್ಲೆಂಡಿನ ಹಲವು ಊರುಗಳಲ್ಲಿ ಸ್ಥಳೀಯ ಆಡಳಿತವೇ ಇಂಥವರ ಮನೆಗೆ ಬೀಗ ಬದಲಿಸಿ, ಬಾಗಿಲು ಕಿಟಕಿ ಗಟ್ಟಿ ಮಾಡಿ, ಕೆಲವು ಮನೆಗಳಲ್ಲಿ ಒಳಗಿನಿಂದ ಭದ್ರವಾಗಿ ಮುಚ್ಚಿಕೊಂಡು ಪೊಲೀಸರು ಬರುವ ತನಕ ಇರಬಹುದಾದ ಒಂದು ಕೋಣೆಯನ್ನೂ ಮಾಡಿಕೊಡುತ್ತದೆ. ಅಷ್ಟೆಲ್ಲ ಸಿಗದ ಕಡೆಯೂ ಬೀಗ ಬದಲಿಸಬಹುದು, ಹೊರಗೆ ದೀಪ ಹಾಕಬಹುದು. ವೈಫೈ ಪಾಸ್‌ವರ್ಡ್, ಕ್ಯಾಮೆರಾದ ಖಾತೆ, ಫೋನಿನಿಂದ ತೆಗೆಯುವ ಬಾಗಿಲಿನ ಬೀಗ, ಇವುಗಳ ಹಿಡಿತ ಅವನ ಫೋನಿನಲ್ಲಿ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಅವನು ಹೊರಗಿದ್ದುಕೊಂಡೇ ಮನೆಯೊಳಗೆ ನೋಡುತ್ತಿದ್ದರೆ ಆದೇಶ ಇದ್ದೂ ಏನು ಪ್ರಯೋಜನ?

ಸ್ವಂತ ಬಾಡಿಗೆ ಮನೆ

ಮೂರನೇ ಪ್ರಶ್ನೆಗೆ ಅತ್ಯುತ್ತಮ ಉತ್ತರ ಇದೇ. ಬೀಗದ ಕೈ ಆಕೆಯದು, ಕರಾರು ಆಕೆಯ ಹೆಸರಿನಲ್ಲಿ. ಆದರೆ ಇಲ್ಲಿಗೆ ಬರುವ ದಾರಿಯಲ್ಲಿ ಅವನು ಮೊದಲೇ ಮುಳ್ಳು ಹಾಕಿರುತ್ತಾನೆ. ಆಕೆಯ ಹೆಸರಿನಲ್ಲಿ ಸಾಲ ಮಾಡಿಸಿರುತ್ತಾನೆ, ಕೆಲಸ ಬಿಡಿಸಿರುತ್ತಾನೆ, ಬ್ಯಾಂಕ್ ಖಾತೆಗೆ ಕೈ ಹಾಕಿರುತ್ತಾನೆ. ಮಾಲೀಕರು ಅಡ್ವಾನ್ಸ್ ಕೇಳುತ್ತಾರೆ, ಹಿಂದಿನ ಮನೆಯ ಬಗ್ಗೆ ವಿಚಾರಿಸುತ್ತಾರೆ, ಒಂಟಿ ಹೆಂಗಸಿಗೆ ಕೊಡುವುದಿಲ್ಲ ಎಂದೂ ಹೇಳುತ್ತಾರೆ.

ಮೊದಲು ಆಶ್ರಯ ಕೇಂದ್ರ, ಆಮೇಲೆ ತಾತ್ಕಾಲಿಕ ವಸತಿ, ಕೊನೆಗೆ ಮನೆ ಎಂಬ ಮೆಟ್ಟಿಲು ಎಲ್ಲರಿಗೂ ಬೇಕೇ ಬೇಕು ಅನ್ನುವ ನಂಬಿಕೆ ಈಗ ಸಡಿಲವಾಗುತ್ತಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2009ರಲ್ಲಿ ಬೇರೆ ಪ್ರಯೋಗ ಶುರುವಾಯಿತು. ಹಿಂಸೆಯಿಂದ ಹೊರಬಂದವರನ್ನು ಆದಷ್ಟು ಬೇಗ ಸ್ವಂತ ಮನೆಗೆ ಸೇರಿಸುವುದು ಅಥವಾ ಇರುವ ಮನೆಯನ್ನೇ ಉಳಿಸಿಕೊಡುವುದು, ಸಹಾಯಕರು ಅವರಿದ್ದಲ್ಲಿಗೇ ಹೋಗುವುದು, ಜೊತೆಗೆ ಯಾವುದಕ್ಕೆ ಬೇಕೋ ಅದಕ್ಕೆ ಬಳಸುವಂಥ ಹಣ ಕೊಡುವುದು. ಬಾಡಿಗೆ ಬಾಕಿ ಇರಬಹುದು, ಕೆಟ್ಟು ನಿಂತ ಕಾರಿನ ರಿಪೇರಿ ಇರಬಹುದು, ಮಗುವನ್ನು ನೋಡಿಕೊಳ್ಳುವವರ ಖರ್ಚಿರಬಹುದು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 400ಕ್ಕೂ ಹೆಚ್ಚು ಜನರನ್ನು ಎರಡು ವರ್ಷದವರೆಗೆ ಗಮನಿಸಿ ನೋಡಿದಾಗ, ಈ ರೀತಿಯ ಸಹಾಯ ಸಿಕ್ಕವರ ವಸತಿ ಮಾಮೂಲಿ ಸೇವೆ ಪಡೆದವರಿಗಿಂತ ಹೆಚ್ಚು ಸ್ಥಿರವಾಗಿತ್ತು.

ಇದರಲ್ಲಿ ನಮಗೆಲ್ಲ ಒಂದು ಸುಳಿವಿದೆ. ಆಕೆ ಕೆಲಸಕ್ಕೆ ಹೋಗುವ ಸ್ಕೂಟರ್ ರಿಪೇರಿ ಮಾಡಿಸಿದರೆ ಸಂಬಳ ಉಳಿಯುತ್ತದೆ, ಸಂಬಳ ಉಳಿದರೆ ಬಾಡಿಗೆ ಕಟ್ಟಬಹುದು. ಸಹಾಯ ಮಾಡಬೇಕು ಎಂದಿರುವವರು "ಮನೆ ಕೊಡಿಸಲು ನನ್ನಿಂದ ಆಗಲ್ಲ" ಎಂದು ಹಿಂದೆ ಸರಿಯುವ ಮೊದಲು, ಯಾವ ಒಂದು ಖರ್ಚು ಆಕೆಯನ್ನು ಕಟ್ಟಿಹಾಕಿದೆ ಎಂದು ಕೇಳಿ ನೋಡಿ.

ಕಾನೂನು ಕೆಲವು ಕಡೆ ನೆರವಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ 2021ರ ಕಾಯ್ದೆಯಿಂದಾಗಿ, ಕೌಟುಂಬಿಕ ಹಿಂಸೆಯಿಂದ ಮನೆ ಕಳೆದುಕೊಂಡವರಿಗೆ ಸ್ಥಳೀಯ ಆಡಳಿತದ ವಸತಿಯಲ್ಲಿ ತಾನಾಗಿಯೇ ಆದ್ಯತೆ ಸಿಗುತ್ತದೆ. ಅಮೆರಿಕದಲ್ಲಿ ಸರ್ಕಾರದ ನೆರವಿರುವ ಮನೆಗಳಿಂದ, ಹಿಂಸೆಗೆ ಗುರಿಯಾದರು ಎಂಬ ಕಾರಣಕ್ಕೆ ಯಾರನ್ನೂ ಹೊರಹಾಕುವಂತಿಲ್ಲ. ಅದೇ ದೇಶದ ಕೆಲವು ಊರುಗಳಲ್ಲಿ, ಪದೇ ಪದೇ ಪೊಲೀಸರನ್ನು ಕರೆಸಿದ ಬಾಡಿಗೆದಾರರನ್ನು ಮನೆ ಬಿಡಿಸುವ ನಿಯಮಗಳಿದ್ದವು. ಜೀವ ಉಳಿಸಿಕೊಳ್ಳಲು ಫೋನ್ ಮಾಡಿದ್ದಕ್ಕೆ ಸೂರು ಹೋಗುತ್ತಿತ್ತು. ಮನೆಯಿಂದ ಸಹಾಯಕ್ಕೆ ಕರೆ ಮಾಡುವ ಹಕ್ಕನ್ನು ಅಲ್ಲಿಯ ಕಾನೂನು 2022ರಲ್ಲಿ ರಕ್ಷಿಸಿತು. ಎಲ್ಲೇ ಇರಲಿ, ಕರಾರಿಗೆ ಸಹಿ ಹಾಕುವ ಮೊದಲು ಇಂಥ ಷರತ್ತು ಇದೆಯೇ ಎಂದು ಓದಿ. ಕರಾರಿನಲ್ಲಿ ಅವನ ಹೆಸರು ಯಾವ ಕಾರಣಕ್ಕೂ ಬೇಡ, ಆಮೇಲೆ ರಾಜಿಯಾದರೂ ಸರಿ.

ತಾತ್ಕಾಲಿಕ ವಸತಿಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಆರು ತಿಂಗಳಿನಿಂದ ಎರಡು ವರ್ಷದವರೆಗೆ, ಕಡಿಮೆ ಬಾಡಿಗೆಗೆ, ತರಬೇತಿ ಅಥವಾ ಸಮಾಲೋಚನೆಯ ಜೊತೆಗೆ ಸಿಗುವ ಮನೆ ಅಥವಾ ಹಾಸ್ಟೆಲ್ ಇದು. ಆದಾಯವೇ ಇಲ್ಲದವರಿಗೆ, ಚಿಕ್ಕ ವಯಸ್ಸಿನವರಿಗೆ, ಇನ್ನೂ ಕೋರ್ಟಿಗೆ ಅಲೆಯುತ್ತಿರುವವರಿಗೆ ಒಳ್ಳೆಯ ನಿಲುಗಡೆ. ಕೋಣೆಗೆ ಬೇರೆ ಬೀಗ ಇದೆಯೇ, ಬಿಡುವ ದಿನ ಯಾವುದು ಎಂದು ಕೇಳಿಕೊಳ್ಳಿ.

ಹತ್ತಿರವೋ, ದೂರವೋ?

ದೂರ ಹೋದಷ್ಟೂ ಸುರಕ್ಷಿತ ಎಂದು ಅನ್ನಿಸುತ್ತದೆ. ಹಾಗೇನಿಲ್ಲ. ದೂರ ಹೋದರೆ ಕೆಲಸ ಹೋಗುತ್ತದೆ, ಬೆಂಬಲಕ್ಕಿದ್ದವರು ದೂರವಾಗುತ್ತಾರೆ. ಬೇರೆ ಊರಿನ ಒಂಟಿತನಕ್ಕೆ ಹೆದರಿ ವಾಪಸಾಗುವವರೂ ಇದ್ದಾರೆ. ಅವನು ಹುಡುಕಿಕೊಂಡು ಬರುವ ಜಾತಿಯವನಾಗಿದ್ದರೆ ಮಾತ್ರ ದೂರಕ್ಕೆ ಬೆಲೆ ಇದೆ.

ಮಕ್ಕಳನ್ನು ಕರೆದುಕೊಂಡು ದೇಶವನ್ನೇ ದಾಟುವ ಯೋಚನೆ ಇದ್ದರೆ, ಟಿಕೆಟ್ ತೆಗೆಯುವ ಮೊದಲು ವಕೀಲರನ್ನು ಕಾಣಲೇಬೇಕು. 1980ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಇನ್ನೊಬ್ಬ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಬೇರೆ ದೇಶಕ್ಕೆ ಒಯ್ದರೆ ವಾಪಸ್ ಕಳಿಸು ಎಂಬ ಆದೇಶ ಬರಬಹುದು. ಮಗುವಿಗೆ ಗಂಭೀರ ಅಪಾಯ ಇದೆ ಎಂದು ತೋರಿಸಿದರೆ ವಿನಾಯಿತಿಗೆ ದಾರಿಯಿದೆ. ಅದಕ್ಕೆ ದಾಖಲೆ ಬೇಕು. ಆಸ್ಪತ್ರೆಯ ಚೀಟಿ, ಪೊಲೀಸ್ ದೂರು, ಬೆದರಿಕೆಯ ಸಂದೇಶಗಳ ಪ್ರತಿ.

ದೂರ ಹೋದರೂ ವಿಳಾಸ ಸೋರುವುದು ಸಣ್ಣ ಸಣ್ಣ ಕಡೆಗಳಿಂದ. ಮಗುವಿನ ಟ್ಯಾಬ್ ಇನ್ನೂ ಅವನ ಖಾತೆಯಲ್ಲೇ ಲಾಗಿನ್ ಆಗಿರುತ್ತದೆ. ಹಳೆಯ ಶಾಲೆ ವರ್ಗಾವಣೆ ಪತ್ರದಲ್ಲಿ ಹೊಸ ಶಾಲೆಯ ಹೆಸರು ಬರೆದಿರುತ್ತದೆ. ಬ್ಯಾಂಕಿನವರು ಹಳೆಯ ವಿಳಾಸಕ್ಕೆ ಕಾಗದ ಕಳಿಸುತ್ತಾರೆ. ಬ್ಯಾಗಿನಲ್ಲೋ ಕಾರಿನಲ್ಲೋ ಪುಟ್ಟ ಟ್ರ್ಯಾಕರ್ ಇರಬಹುದು. ಕೋರ್ಟಿನ ಅರ್ಜಿಯಲ್ಲಿ ಆಕೆಯ ಈಗಿನ ವಿಳಾಸ ಅವನ ವಕೀಲರಿಗೆ ಕಾಣುವಂತೆ ಇರುತ್ತದೆ. ವಾಷಿಂಗ್ಟನ್ ರಾಜ್ಯ 1991ರಲ್ಲೇ ಇಂಥವರಿಗೆ ಬದಲಿ ವಿಳಾಸ ಕೊಡುವ ವ್ಯವಸ್ಥೆ ಮಾಡಿತು. ಅದು ಇಲ್ಲದ ಕಡೆ ವಕೀಲರ ಅಥವಾ ಸಂಸ್ಥೆಯ ವಿಳಾಸ ಬಳಸಬಹುದೇ ಎಂದು ಕೇಳಿ. ಟ್ರ್ಯಾಕರ್ ಅಥವಾ ಗೂಢಚಾರಿ ಆ್ಯಪ್ ಸಿಕ್ಕರೆ ಗಾಬರಿಯಲ್ಲಿ ಕಿತ್ತೆಸೆಯಬೇಡಿ. ಕಿತ್ತ ಕ್ಷಣವೇ ಅವನಿಗೆ ಗೊತ್ತಾಗುತ್ತದೆ, ಸಾಕ್ಷಿಯೂ ಹೋಗುತ್ತದೆ. ಆಕೆ ಹೊರಡುವ ಹೊತ್ತನ್ನು ಮೊದಲು ಯೋಚಿಸಿ, ಆಮೇಲೆ ಅದರ ಕಥೆ ನೋಡಿ.

ಜೊತೆಗಿರುವವರು ಏನು ಮಾಡಬಹುದು

ಆಯ್ಕೆ ಆಕೆಯದು. ನಿಮಗೆ ಆಶ್ರಯ ಕೇಂದ್ರವೇ ಸರಿ ಅನ್ನಿಸಿ, ಆಕೆ ಅಕ್ಕನ ಮನೆಗೆ ಹೋಗುತ್ತೇನೆ ಎಂದರೆ, ನಿಮ್ಮ ಆತಂಕವನ್ನು ಒಮ್ಮೆ ಬಿಡಿಸಿ ಹೇಳಿ. ಆಮೇಲೆ ಆ ದಾರಿಯನ್ನೇ ಹೆಚ್ಚು ಭದ್ರ ಮಾಡಲು ನೆರವಾಗಿ. ಅವನ ಸ್ವಭಾವ, ಅವನ ದಿನಚರಿ, ಅವನು ಯಾವಾಗ ಕೆರಳುತ್ತಾನೆ ಎನ್ನುವುದು ಆಕೆಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ದಾಖಲೆಗಳ ಪ್ರತಿ, ಔಷಧಿ, ಬಟ್ಟೆ, ಸ್ವಲ್ಪ ಹಣ ಇರುವ ಒಂದು ಚೀಲವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದು. "ತುರ್ತಾಗಿ ಬಾ" ಎಂಬುದಕ್ಕೆ ಮಾಮೂಲಿ ಮಾತಿನಂತೆ ಕೇಳುವ ಒಂದು ಗುಟ್ಟಿನ ಮಾತನ್ನು ಗೊತ್ತು ಮಾಡಿಕೊಳ್ಳಬಹುದು. ಕೋರ್ಟಿಗೆ ಹೋಗುವ ದಿನ ಮಕ್ಕಳನ್ನು ನೋಡಿಕೊಳ್ಳಬಹುದು. ಅವನ ಹತ್ತಿರ ಹೋಗಿ ಬುದ್ಧಿ ಹೇಳುವುದು, ಇಬ್ಬರನ್ನೂ ಕೂರಿಸಿ ಪಂಚಾಯಿತಿ ಮಾಡುವುದು ಮಾತ್ರ ಬೇಡ. ನಿಮ್ಮೆದುರು ತಲೆಯಾಡಿಸಿದವನು ಅದರ ಸಿಟ್ಟನ್ನು ಬಾಗಿಲು ಹಾಕಿದ ಮೇಲೆ ಆಕೆಯ ಮೇಲೆ ತೀರಿಸಿಕೊಳ್ಳುತ್ತಾನೆ.

ಆಕೆ ವಾಪಸ್ ಹೋದರೆ? ಬೇಜಾರಾಗುತ್ತದೆ. "ಇನ್ನು ನನ್ನ ಹತ್ತಿರ ಬರಬೇಡ" ಎಂದು ಸುಮ್ನೆ ಬಾಯಿಮಾತಿಗೂ ಹೇಳಬೇಡಿ. ಚೀಲ ಅಲ್ಲೇ ಇರಲಿ, ಗುಟ್ಟಿನ ಮಾತೂ ಹಾಗೇ ಇರಲಿ. ಮುಂದಿನ ಸಲ ಬರುವಾಗ ಯಾವ ದಾರಿ ಕೈಕೊಟ್ಟಿತು ಎನ್ನುವುದು ಇಬ್ಬರಿಗೂ ಗೊತ್ತಿರುತ್ತದೆ, ಅದನ್ನು ಇಟ್ಟುಕೊಂಡೇ ಮತ್ತೆ ತೂಗಬಹುದು.

ನೆಲೆ ಸಿಕ್ಕ ಮೇಲೂ ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅವನಿಗೆ ನೋಟಿಸ್ ತಲುಪುವ ದಿನ, ವಿಚಾರಣೆಯ ದಿನ, ಮಕ್ಕಳನ್ನು ಅವನ ಭೇಟಿಗೆ ಕಳಿಸುವ ದಿನ, ಜೈಲಿನಲ್ಲಿದ್ದರೆ ಬಿಡುಗಡೆಯ ದಿನ, ರಕ್ಷಣಾ ಆದೇಶದ ಅವಧಿ ಮುಗಿಯುವ ದಿನ. ಅದರ ಆಸುಪಾಸಿನಲ್ಲಿ ಆಕೆ ತನ್ನ ಮನೆಯಲ್ಲೇ ಒಂಟಿಯಾಗಿರಬೇಕೇ, ಅಥವಾ ಒಂದು ವಾರದ ಮಟ್ಟಿಗೆ ಅವನಿಗೆ ಗೊತ್ತಿಲ್ಲದ ಬೇರೆ ಕಡೆ ಇರುವುದು ಒಳ್ಳೆಯದೇ ಎಂದು ಆಕೆಯನ್ನೇ ಕೇಳಿ. ಆದೇಶದ ಅವಧಿ ಮುಗಿಯುವುದಕ್ಕೆ ಒಂದು ತಿಂಗಳು ಮೊದಲೇ, ಮುಂದುವರಿಸಲು ಅರ್ಜಿ ಹಾಕಬೇಕೇ ಎಂದು ವಕೀಲರ ಹತ್ತಿರ ಮಾತಾಡಿ.